ಹಳೇ ಪೈಥಾನ್ ತೆಗೆದ ಮರುದಿನ

ಆ ದಿನ ಬೆಳಿಗ್ಗೆ ಸೈಮಾ ತನ್ನ ಡೈರಿಯಲ್ಲಿ ಬರೆದದ್ದು ಒಂದೇ ಸಾಲು: 'ಯಾ ಅಲ್ಲಾ, ನಿನ್ನೆ ನಾನು ತೆಗೆದದ್ದು ಬೇಡವಾದದ್ದೇ ಆಗಿರಲಿ.'

ಬಸ್ಸು ವಿಜಯಪುರ ಬಿಟ್ಟು ಇಟ್ಟಂಗಿಹಾಳ ದಾಟುವಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಸೇರಿತು: 'ಬೇಡವಾದದ್ದನ್ನು ತೆಗೆಯಲು ಅಷ್ಟು ಹೊತ್ತು ಬೇಕೇನು?' ಮುಂದೆ ಬರೆಯಲು ಧೈರ್ಯ ಸಾಲದೆ ಪೆನ್ನಿಗೆ ಟೋಪಿ ಹಾಕಿದಳು.

ಬಿಸಿಎ ಮುಗಿಸಿದ್ದ ಸೈಮಾ ತಿಕೋಟಾದ ಗುರಲಿಂಗಪ್ಪನವರ ಕೋಲ್ಡ್ ಸ್ಟೋರೇಜಿಗೆ ಸೇರಿ ಎರಡು ತಿಂಗಳಾಗಿತ್ತು. ಸುತ್ತಲಿನ ಹಳ್ಳಿಗಳ ರೈತರು ಒಣದ್ರಾಕ್ಷಿಯನ್ನು ಬಾಕ್ಸುಗಳಲ್ಲಿ ತುಂಬಿ ತಂದು ಅಲ್ಲಿಡುತ್ತಿದ್ದರು. ನಾಲ್ಕು ತಣ್ಣನೆಯ ಖೋಲಿಗಳು, ಮೂವತ್ತು ಸಾವಿರ ಬಾಕ್ಸುಗಳು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಒಂದೇ ಮುಖದವು. ಯಾರ ಬಾಕ್ಸು ಯಾವ ಖೋಲಿಯ ಯಾವ ಸಾಲಿನಲ್ಲಿದೆ ಎಂಬುದು ಆಫೀಸಿನ ಕಂಪ್ಯೂಟರಿಗೆ ಮಾತ್ರ ಗೊತ್ತು. ಅದಕ್ಕೊಂದು ಪ್ರೋಗ್ರಾಂ ಇತ್ತು. ಹೋದ ವರ್ಷ ಯಾವನೋ ಎಂಜಿನಿಯರು ಪೈಥಾನ್ ಎಂಬ ಭಾಷೆಯಲ್ಲಿ ಅದನ್ನು ಬರೆದುಕೊಟ್ಟು, ಫೋನ್ ನಂಬರ್ ಬದಲಿಸಿಕೊಂಡು ಹೋಗಿದ್ದ. ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. 'ಅದಕ್ಕ ವೈರಸ್ ಬರೂದಿಲ್ಲಂತ' ಎಂದು ಯಾರೋ ಹೇಳಿದ್ದನ್ನು ಕೇಳಿ, ಹೋರಿ ಆರಿಸಿದ ಗತ್ತಿನಲ್ಲಿ ಗುರಲಿಂಗಪ್ಪನವರು ಅದನ್ನೇ ಆರಿಸಿದ್ದರು.

ನಿನ್ನೆ ಸಂಜೆ ಆ ಕಂಪ್ಯೂಟರು, ನನ್ನ ಹೊಟ್ಟೆಯಲ್ಲಿ ಜಾಗ ಉಳಿದಿಲ್ಲ ಎಂದು ದೂರಿತ್ತು. ಸೈಮಾ ಹುಡುಕಿ ನೋಡಿದರೆ ಒಳಗೆ ಎರಡು ಪೈಥಾನ್‌ಗಳು: ಒಂದು ಹಳೆಯದು, ಒಂದು ಹೊಸದು. ಹೊಸ ಮಿಕ್ಸರ್ ಬಂದ ದಿನವೇ ಹಳೆಯದನ್ನು ಗುಜರಿ ಮೋಡಕಾದವನಿಗೆ ಹಾಕುವ ಮನೆಯಲ್ಲಿ ಬೆಳೆದವಳು ಅವಳು. ಹಳೆಯದನ್ನು ತೆಗೆ ಎಂದು ಒಂದು ಸಾಲು ಹೊಡೆದಳು. ಕಂಪ್ಯೂಟರು ಮಾರುದ್ದದ ಪಟ್ಟಿ ತೋರಿಸಿ, ಮುಂದುವರಿಯಲೇ ಎಂದು ಕೇಳಿತು. ಕೇಳಿದವರಿಗೆ 'ಇಲ್ಲ' ಎಂದು ಹೇಳಿ ಗೊತ್ತಿಲ್ಲದ ಸೈಮಾ, 'ಹೂಂ' ಎಂಬ ಕೀ ಒತ್ತಿದಳು. ಗಿರಣಿಯ ಬಾಯಿಂದ ಹಿಟ್ಟು ಸುರಿದ ಹಾಗೆ ಸಾಲುಗಳು ಸುರಿದವು. ಎಷ್ಟು ಚೊಕ್ಕಟ ಆಗ್ತಾ ಇದೆ ಎಂದು ಹೆಮ್ಮೆಪಟ್ಟು, ಬಂದ್ ಮಾಡಿ, ಬಸ್ಸು ಹಿಡಿದಿದ್ದಳು.

ಹಳೆಯ ಪೈಥಾನಿನ ಹೆಗಲ ಮೇಲೆಯೇ ಇಡೀ ಕಂಪ್ಯೂಟರು ಕೂತಿತ್ತು ಎಂಬುದು ಅವಳಿಗೆ ತಿಳಿದದ್ದು ಮನೆಗೆ ಹೋಗಿ ಮೊಬೈಲಿನಲ್ಲಿ ಓದಿದ ಮೇಲೆ.

ಹೆದರಿಕೆಗೆ ಕಾರಣವಿತ್ತು. ಇದಕ್ಕೂ ಮೊದಲು ವಿಜಯಪುರದ ಒಂದು ಆಫೀಸಿನಲ್ಲಿ ದಿನವಿಡೀ ಜನರಿಗೆ ಫೋನ್ ಮಾಡುವ ಕೆಲಸಕ್ಕೆ ಸೇರಿ, ನಾಲ್ಕನೆಯ ದಿನ ಆ ಕಡೆಯವರು ‘ಹಲೋ’ ಅಂದ ಕೂಡಲೇ ಫೋನಿಟ್ಟು ಮನೆಗೆ ಬಂದವಳು ಅವಳು. ಇಲ್ಲಿ ಹಾಗಿಲ್ಲ. ಹೆಸರು ಹೊಡೆ, ಬಾಕ್ಸು ಎಲ್ಲಿದೆ ಎಂಬ ಚೀಟಿ ತೆಗೆ, ಕೈಗೆ ಕೊಡು. ಒಣದ್ರಾಕ್ಷಿ ಎಂದೂ ಎದುರು ಮಾತಾಡಿದ್ದಿಲ್ಲ. ಮಾತಿಲ್ಲದ ಇಂಥ ನೌಕರಿ ಇಡೀ ಜಿಲ್ಲೆಯಲ್ಲಿ ಇನ್ನೊಂದಿರಲಿಕ್ಕಿಲ್ಲ.

ಆಫೀಸಿನ ಬಾಗಿಲಲ್ಲೇ ಸೌಭಾಗ್ಯ ಸಿಕ್ಕಳು. ರಜಿಸ್ಟರ್ ಬರೆಯುವ ಹಿರಿಯಾಕೆ. ಊರಿನ ಯಾವ ಸುದ್ದಿಯೂ ಅವಳನ್ನು ಕೇಳದೆ ಹುಟ್ಟುತ್ತಿರಲಿಲ್ಲ.

"ಏ ಸೈಮಾ, ಬಾ ಬಾ. ನಿನ್ನ ಕಂಪ್ಯೂಟರ್ ಮಾರಿ ಕರ್ರಗ ಮಾಡ್ಕೊಂಡು ಕುಂತೈತಿ. ಬರೇ ಕಣ್ಣ ಪಿಳಿಪಿಳಿ ಮಾಡತೈತಿ, ಮಾತ ಇಲ್ಲ ಕತಿ ಇಲ್ಲ. ಥೇಟ್ ನಿನ್ನಂಗ ಆಗೈತಿ ನೋಡ."

ನಿಜ. ಕಪ್ಪು ಪರದೆಯ ಮೂಲೆಯಲ್ಲಿ ಸಣ್ಣ ಗೆರೆಯೊಂದು ಮಿಟುಕುತ್ತಿತ್ತು. ಅದರ ಮುಂದೆ ಕನಮಡಿಯ ಅಮೋಘಿ ಟವೆಲ್ ಹಿಡಿದು ನಿಂತಿದ್ದ. ಅವನ ಮುನ್ನೂರು ಬಾಕ್ಸುಗಳನ್ನು ಕೊಂಡ ವ್ಯಾಪಾರಿಯ ಲಾರಿ ಗೇಟಿನ ಹೊರಗೆ ಕಾಯುತ್ತಿತ್ತು.

"ಯವ್ವಾ, ನನ್ನ ಚೀಟಿ ಅಷ್ಟ ತಗದ ಕೊಡು. ಐದಕ್ಕ ಲಾರಿ ಬಿಡ್ತೇನಿ ಅಂತಾನ ಡ್ರೈವರ. ಇವತ್ತ ಹೋಗಲಿಲ್ಲಂದ್ರ ಯಾಪಾರ ಮುರದಂಗ."

ಅಷ್ಟರಲ್ಲಿ ಗುರಲಿಂಗಪ್ಪನವರು ಬಂದರು. ಕಂಪ್ಯೂಟರನ್ನು ಅವರು ಇಂದಿನವರೆಗೆ ಬಳಸಿದ್ದು ಚಾಳೀಸು ಇಡುವ ಕಟ್ಟೆಯಾಗಿ ಮಾತ್ರ. ಈಗ ಚಾಳೀಸು ತೆಗೆದು ಹಾಕಿಕೊಂಡು ಪರದೆ ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು.

"ನಿನ್ನೆ ಛಲೋ ಇತ್ತಲ್ಲೋ ಇದು! ಯಾರ ಕೈ ಹಚ್ಚಿದವರು?"

ಸೌಭಾಗ್ಯ ರಜಿಸ್ಟರ್ ತೆರೆದು ಬರೆಯುವವಳಂತೆ ಬಗ್ಗಿದಳು.

"ಯಾರು ಕೆಡಿಸ್ಯಾರೋ ಅವರು ನಾಳಿಂದ ಈ ಗೇಟಿನ ಒಳಗ ಕಾಲಿಡೂದ ಬ್ಯಾಡ. ಹೇಳೇನಿ!"

ಸೈಮಾ ಎರಡು ಹೆಜ್ಜೆ ಹಿಂದೆ ಸರಿದಳು.

ಮೊದಲು ಮುಂದೆ ಬಂದವನು ಮುತ್ತು. ಖೋಲಿಗಳನ್ನು ತಂಪಿಡುವ ಯಂತ್ರ ನೋಡಿಕೊಳ್ಳುವವನು, ಎಂಟು ವರ್ಷದ ಹಳಬ. ಅಮೋಘಿಯ ಬಾಕ್ಸುಗಳನ್ನು ಕಣ್ಣಿನಲ್ಲೇ ಹುಡುಕುತ್ತೇನೆಂದು ಮಂಕಿ ಟೋಪಿ ಹಾಕಿಕೊಂಡು ಖೋಲಿಗೆ ಹೋದವನು, ಹತ್ತು ನಿಮಿಷದಲ್ಲಿ ಹಲ್ಲು ಕಟಕಟ ಅನ್ನಿಸುತ್ತ ಹೊರಗೆ ಬಂದ. ಆ ನಡುಕದಲ್ಲೇ ಅವನಿಗೆ ಜ್ಞಾನೋದಯವಾಗಿತ್ತು.

"ಸಾವಕಾರ್ರ, ಇದು ಅರ್ಥಿಂಗ್ ಕಿಟಕಿಟಿ. ಗುಂಡಿ ಒಣಗೈತಿ. ಎರಡ ಕೊಡ ಉಪ್ಪನೀರ ಹಾಕಿದ್ರ ಕಂಪ್ಯೂಟರ್ ಏನು, ಅದರ ಅಪ್ಪನೂ ಎದ್ದ ಕುಂಡರ್ತಾನ."

ಎರಡು ಕೊಡ ಉಪ್ಪುನೀರು ಅರ್ಥಿಂಗ್ ಗುಂಡಿಗೆ ಹೋಯಿತು. ಗುಂಡಿ ಗುಳುಗುಳು ಎಂದು ಕುಡಿಯಿತು. ಕಂಪ್ಯೂಟರು ಕಣ್ಣು ಮಿಟುಕಿಸಿತು, ಅಷ್ಟೇ.

"ನೀರಿಂದ ಹೋಗೂದಲ್ಲ ಇದು," ಎಂದಳು ಸೌಭಾಗ್ಯ. "ಮೊನ್ನೆ ಆ ವ್ಯಾಪಾರಿ ಬಂದಾವ, 'ಭಾರಿ ಐತಿ ನಿಮ್ಮ ಕಂಪ್ಯೂಟರ್' ಅಂದ. ಅವನ ಕಣ್ಣ ನೋಡೀರೇನ? ಒಂದೊಂದು ಇಷ್ಟಿಷ್ಟ ಅದಾವ. ದೃಷ್ಟಿ ಆಗೈತ್ರಿ."

ಎದುರಿನ ಅಂಗಡಿಯಿಂದ ಲಿಂಬೆಹಣ್ಣು, ಮೆಣಸಿನಕಾಯಿ ಬಂದು ಪರದೆಯ ಹಣೆಗೆ ತೂಗಿದವು. ಕಂಪ್ಯೂಟರು ಈಗ ಹೊಸ ಲಾರಿಯ ಹಾಗೆ ಕಾಣತೊಡಗಿತು. ಓಡಲು ಮಾತ್ರ ಒಲ್ಲೆಂದಿತು.

ಸೈಮಾಳಿಗೆ ರೋಗ ಗೊತ್ತಿತ್ತು. ಔಷಧಿಯೂ ಇಲ್ಲೆಲ್ಲೋ ಮೊಬೈಲಿನಲ್ಲಿ ಸಿಕ್ಕೀತು ಎಂಬ ಆಸೆಯಿತ್ತು. ಆದರೆ ಕುರ್ಚಿ ಖಾಲಿಯಾಗಬೇಕಲ್ಲ? ಎಲ್ಲರೂ ಸುತ್ತ ನಿಂತಿರುವಾಗ ಕೂತು ಒಂದು ಸಾಲು ಹೊಡೆದರೆ, ಇವಳಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಅವಳು ಗೋಡೆಗೆ ಒರಗಿ, ಗೋಡೆಯೇ ಆಗಲು ಪ್ರಯತ್ನಿಸಿದಳು.

ಗುರಲಿಂಗಪ್ಪನವರು ಫೋನ್ ಮಾಡಿ ಕರೆಸಿದ ಉಮರ ಹನ್ನೆರಡೂವರೆಗೆ ಬಬಲೇಶ್ವರದಿಂದ ಮೋಟರ್‌ಸೈಕಲ್ ಮೇಲೆ ಬಂದ. ಮೊಬೈಲು, ಕಂಪ್ಯೂಟರು, ಟಿವಿ ರಿಮೋಟು ಎಲ್ಲವನ್ನೂ ರಿಪೇರಿ ಮಾಡುವ ಅಂಗಡಿ ಅವನದು. ಕೊರಳಲ್ಲಿ ಮೂರು ಪೆನ್‌ಡ್ರೈವ್‌ಗಳು ತಾಯತದಂತೆ ತೂಗುತ್ತಿದ್ದವು.

"ಇದು ವಿಂಡೋಸ್ ಅಲ್ಲೇನು?" ಎಂದ ಪರದೆ ನೋಡಿ.

"ಲಿನಕ್ಸ್ ಐತ್ರಿ ಉಮರಭಾಯ್," ಎಂದ ಮುತ್ತು.

"ಗೊತ್ತೈತಿ, ಗೊತ್ತೈತಿ. ನಾ ಕೇಳಿದ್ದು ಯಾಕ ವಿಂಡೋಸ್ ಅಲ್ಲ ಅಂತ." ಎರಡು ಕೀ ಒತ್ತಿ, ಡಬ್ಬಿಗೆ ಕಿವಿ ಹಚ್ಚಿ ಕೇಳಿ, ಉಮರ ಬೆನ್ನು ನೆಟ್ಟಗೆ ಮಾಡಿದ. "ಸಾವಕಾರ್ರ, ಫಾರ್ಮ್ಯಾಟ್ ಹೊಡೀಬೇಕ್ರಿ."

"ಅಂದ್ರ?"

"ಒಳಗಿಂದೆಲ್ಲಾ ಅಳಸಿ ಹೊಸಾದ ಹಾಕೂದ್ರಿ."

"ಅಳಸಿದ್ರ ರೈತರ ಹೆಸರು?"

"ಮತ್ತ ಬರಕೊಳ್ಳೂದ್ರಿ."

"ಯಾರ ಬಾಕ್ಸ್ ಎಲ್ಲಿ ಅದಾವ ಅನ್ನೂದು?"

"ಅವರವರ್ನ ಕೇಳಿಬಿಡೂದ್ರಿ."

"ನನ್ನ ಕೇಳಿದ್ರ ಮೂವತ್ತ ಸಾವಿರನೂ ನಂದ ಅಂತೇನಿ ನೋಡ್ರಿ ಮತ್ತ," ಎಂದ ಅಮೋಘಿ.

ಬೇಡ, ಅಳಿಸಬೇಡಿ, ಒಳಗೆ ಎಲ್ಲವೂ ಸರಿ ಇದೆ, ಹೋಗಿರುವುದು ಪೈಥಾನ್ ಒಂದೇ! ಸೈಮಾಳ ಬಾಯಿ ತೆರೆದುಕೊಂಡಿತು. ಎಲ್ಲರೂ ಅವಳ ಕಡೆ ತಿರುಗಿದರು. ಬಾಯಿ ಮುಚ್ಚಿಕೊಂಡಿತು.

"ಆಕಳಿಕಿ ಬಂತೇನ ಪಾಪ?" ಎಂದಳು ಸೌಭಾಗ್ಯ. "ಮಾರಿಗೆ ನೀರ ಹಾಕ್ಕೋ ಹೋಗು."

ಅವಳನ್ನು ಉಳಿಸಿದ್ದು ಗುರಲಿಂಗಪ್ಪನವರ ಮನೆತನದ ರೂಢಿ. ಪರ ಊರಿನಿಂದ ಬಂದವರು ಅವರ ಕಂಪೌಂಡಿನೊಳಗೆ ಉಣ್ಣದೆ ಕೆಲಸಕ್ಕೆ ಕೈ ಹಚ್ಚುವಂತಿರಲಿಲ್ಲ. ಬಾವಿ ತೋಡಲು ಬಂದವರಿಗೂ ಅಷ್ಟೇ, ಜಪ್ತಿ ಮಾಡಲು ಬಂದವರಿಗೂ ಅಷ್ಟೇ.

"ಏನ ಅಳಸೂದಿದ್ರೂ ಉಂಡ ಬಂದ ಅಳಸೂಣ. ನಡೀರಿ, ತ್ವಾಟದಾಗ ಎಣಗಾಯಿ ಆಗೈತಿ. ಅಮೋಘೀ, ಬಾ. ಡ್ರೈವರ್‌ನೂ ಕರಿ."

ದ್ರಾಕ್ಷಿ ತೋಟದ ಮನೆ ಅಲ್ಲಿಂದ ಅರ್ಧ ಮೈಲಿ. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅದಾದ ಮೇಲೆ ಬೇವಿನ ನೆರಳಲ್ಲಿ ಹಾಸಿದ ಕಂಬಳಿಯ ಮೇಲೆ ಒಂದು ನಿದ್ದೆ ಹೊಡೆಯದೆ ಎದ್ದು ಬಂದವರು ಈವರೆಗೆ ಯಾರೂ ಇರಲಿಲ್ಲ. ಮುತ್ತು ಹೋದ. ಬಡಿಸಲು ಕೈ ಬೇಕಾದೀತು ಎಂದು ಸೌಭಾಗ್ಯಳೂ ಹೋದಳು. ಅವಳ ಕೈಗಿಂತ ಮೊದಲು ಅವಳ ಬಾಯಿ ಹೋಯಿತು. ಡಬ್ಬಿ ತಂದಿದ್ದೇನೆ ಎಂದು ಸೈಮಾ ಸನ್ನೆ ಮಾಡಿ ಉಳಿದಳು.

ಅವರು ಬಾಗಿಲಾಚೆ ಮರೆಯಾದದ್ದೇ ತಡ, ಡಬ್ಬಿ ಮೂಲೆಗೆ ಹೋಯಿತು, ಅವಳು ಕುರ್ಚಿಗೆ ಬಂದಳು.

ಕಪ್ಪು ಪರದೆ ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು, ಒಳಗೆ ಬಿಟ್ಟಿತು. ಆದರೆ ಇಂಟರ್‌ನೆಟ್ಟೂ ಪೈಥಾನಿನ ಹಿಂದೆಯೇ ತವರಿಗೆ ಹೋಗಿತ್ತು. ಮೊಬೈಲನ್ನು ವೈರಿನಿಂದ ಕಂಪ್ಯೂಟರಿಗೆ ಕಟ್ಟಿ, ಅದರ ನೆಟ್ ಕೊಟ್ಟಳು. ಅದೇ ಮೊಬೈಲಿನ ಇನ್ನೊಂದು ಮೂಲೆಯಲ್ಲಿ, ಎಲ್ಲಿಯವನೋ ಒಬ್ಬ ಪುಣ್ಯಾತ್ಮ ಹತ್ತು ವರ್ಷದ ಹಿಂದೆ ಬರೆದ ಅಳಲು ಸಿಕ್ಕಿತು: 'ಹಳೆಯ ಪೈಥಾನ್ ತೆಗೆದೆ, ಎಲ್ಲ ಹೋಯಿತು, ಕಾಪಾಡಿ.' ಸೈಮಾಳಿಗೆ ಜಗತ್ತಿನಲ್ಲಿ ಮೊದಲ ಸಲ ಒಬ್ಬ ಸ್ವಂತ ಅಣ್ಣ ಸಿಕ್ಕಂತಾಯಿತು. ಅವನ ಕೆಳಗೆ ಒಬ್ಬ, 'ಹೀಗೆ ಮಾಡು' ಎಂದಿದ್ದ. ಅವನ ಕೆಳಗೆ ಇನ್ನೊಬ್ಬ, 'ದೇವರಾಣೆ ಹಾಗೆ ಮಾಡಬೇಡ' ಎಂದಿದ್ದ. ಮೂರನೆಯವನು ಇಬ್ಬರಿಗೂ ಬೈದಿದ್ದ. ಹೊತ್ತಿಲ್ಲದ ಸೈಮಾ ಮೂವರ ಮಾತನ್ನೂ ಕೇಳಿದಳು.

ಒಂದು ಸಾಲು ಹೊಡೆದರೆ ಅದಿಲ್ಲ ಎಂದಿತು. ಇನ್ನೊಂದು ಹೊಡೆದರೆ ಇದು ಮೊದಲು ಬೇಕು ಎಂದಿತು. ಇದನ್ನು ಕೊಡಲು ಹೋದರೆ ಅದು ಮೊದಲು ಬೇಕು ಎಂದಿತು. ಮದುವೆ ಮನೆಯಲ್ಲಿ ನೀವು ಮೊದಲು ಉಣ್ಣಿ, ನೀವು ಮೊದಲು ಉಣ್ಣಿ ಎಂದು ಬೀಗರು ಹಟ ಹಿಡಿದ ಹಾಗೆ. ಒಂದು ಕಡೆ ಕೈ ತಪ್ಪಿ ಎರಡು ಸಾಲು ಕೂಡಿಸಿ ಹೊಡೆದಳು. ಒಂದು ಕಡೆ ಅದು ಕೇಳಿದ್ದೇನೆಂದು ತಿಳಿಯದೆಯೇ 'ಹೂಂ' ಒತ್ತಿದಳು. ಅವಳ ಇಡೀ ದಿನದ ಡೇಟಾ ಒಣ ಹೊಲಕ್ಕೆ ನೀರು ಹರಿದಂತೆ ಒಳಗೆ ಹರಿಯಿತು. ಇಪ್ಪತ್ಮೂರು ಸಾಲಾದ ಮೇಲೆ ಎಣಿಸುವುದನ್ನು ಬಿಟ್ಟಳು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಪರದೆ ಒಮ್ಮೆ ಕೆಮ್ಮಿತು. ಬೆಳಕಾಯಿತು. ದ್ರಾಕ್ಷಿ ಬಳ್ಳಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಗುರಲಿಂಗಪ್ಪನವರ ಫೋಟೋ ಮೂಡಿತು. ಅವರ ಮುಖ ಇಷ್ಟು ಸುಂದರವಾಗಿದೆ ಎಂದು ಸೈಮಾಳಿಗೆ ಎಂದೂ ಅನ್ನಿಸಿರಲಿಲ್ಲ. ಪ್ರೋಗ್ರಾಂ ತೆರೆದಳು. ಅಮೋಘಿ, ಕನಮಡಿ, ಮುನ್ನೂರು ಬಾಕ್ಸು. ಇನ್ನೇನು ಖೋಲಿ ನಂಬರು ಬರಬೇಕು, ಹೊರಗೆ ಢರ್ ಎಂದು ತೇಗು ಕೇಳಿಸಿತು. ವೈರು ಕಿತ್ತು, ಎದ್ದು, ಗೋಡೆಗೆ ಹೋದಳು.

"ಬಂತಲ್ಲೋ!" ಎಂದು ಕೂಗಿದರು ಗುರಲಿಂಗಪ್ಪನವರು.

ಉಮರ ಒಂದು ಗಳಿಗೆ ಬೆದರಿದ. ಆದರೆ ಅವನು ಹದಿನೈದು ವರ್ಷ ಅಂಗಡಿ ನಡೆಸಿದವನು.

"ಬರ್ಲಿಕ್ಕೇಬೇಕಲ್ರಿ. ಹೋಗುವಾಗ ನಾ ಎರಡ ಕೀ ಒತ್ತಿ ಹೋಗಿದ್ನೆಲ್ಲ? ಅದು ಒಳಗ ಇಳೀಲಿಕ್ಕೆ ಟೈಮ್ ತಗೋತೈತಿ."

"ಒಳಗ ಇಳದದ್ದು ಕೀ ಅಲ್ಲ, ಉಪ್ಪನೀರು," ಎಂದ ಮುತ್ತು. "ಭೂಮಿ ಹಸಿ ಆಗಾಕ ನಾಕ ತಾಸ ಬೇಕ ಬೇಕು."

"ಇದನ್ನ ನೋಡ್ರಿ ಮೊದಲ!" ಸೌಭಾಗ್ಯ ಲಿಂಬೆಹಣ್ಣನ್ನು ಎತ್ತಿ ಹಿಡಿದಳು. "ಒಂದ ಮಗ್ಗಲ ಹೆಂಗ ಬಾಡೈತಿ. ಎಲ್ಲಾ ತನ್ನ ಮ್ಯಾಲೆ ಎಳಕೊಂಡೈತಿ ಪಾಪ."

"ಸಾವಕಾರ್ರ, ನನ್ನ ಚೀಟಿ..." ಎಂದ ಅಮೋಘಿ.

"ತಡಿಯೋ ಅಮೋಘಿ, ಇಲ್ಲಿ ದೊಡ್ಡ ಮಾತ ನಡದಾವ."

ಸೈಮಾ ಕಾಲುಗುರು ನೋಡುತ್ತ ನಿಂತಳು. ಸರಿ ಮಾಡಿದ್ದು ನಾನು ಎಂದರೆ, ಏನು ಕೆಟ್ಟಿತ್ತು ಎಂದು ಹೇಗೆ ಗೊತ್ತಾಯಿತು ಎನ್ನುತ್ತಾರೆ. ಅದನ್ನು ಹೇಳಿದರೆ ನೌಕರಿ ಇಲ್ಲ. ಕೀರ್ತಿ ಹಂಚಿಕೊಳ್ಳಲು ಮೂವರಿದ್ದಾರೆ, ಹಂಚಿಕೊಳ್ಳಲಿ. ಐದು ಗಂಟೆಯಾದರೆ ಬಸ್ಸಿದೆ.

ಆದರೆ ಉಮರನಿಗೆ ಉಪ್ಪುನೀರಿನ ಜೊತೆ ಪಾಲು ಬೇಕಿರಲಿಲ್ಲ. ಮುತ್ತುವಿನ ಮೇಲೆ ಕಣ್ಣಿಟ್ಟು ಹೇಳಿದ: "ಸಾವಕಾರ್ರ, ಇದು ತಾನಾಗೇ ಕೆಟ್ಟಿಲ್ಲ. ಯಾರೋ ಕೈ ಹಚ್ಚ್ಯಾರ. ನಿನ್ನೆ ಎಲ್ಲಾರೂ ಹೋದ ಮ್ಯಾಲೆ ಬಾಗಲಾ ಹಾಕಿದವರು ಯಾರ್ರಿ?"

"ಮುತ್ತು," ಎಂದಳು ಸೌಭಾಗ್ಯ. ಲಿಂಬೆಹಣ್ಣಿಗೂ ಒಬ್ಬ ಎದುರಾಳಿ ಕಡಿಮೆಯಾದ. "ಒಮ್ಮೆ ಇದರಾಗ ವಿಡಿಯೋ ನೋಡ್ಕೋತ ಕುಂತಿದ್ದ. ನಾ ನೋಡೇನಿ."

"ಅದು ಕಂಪ್ರೆಸರ್ ರಿಪೇರಿದ್ದು ಅಕ್ಕಾ! ಹ್ವಾದ ವರ್ಷದ್ದು!"

ಗುರಲಿಂಗಪ್ಪನವರು ಕೈ ಚಾಚಿದರು. "ಮುತ್ತೂ, ಕೀಲಿಕೈ ಇಲ್ಲಿಡು. ಬೆಳಿಗ್ಗಿ ಹೇಳಿದ ಮಾತಂದ್ರ ಮಾತು."

ಮುತ್ತು ಉಡದಾರದಿಂದ ಕೀಲಿಕೈ ಗೊಂಚಲು ಬಿಚ್ಚತೊಡಗಿದ. ಎಂಟು ವರ್ಷದ ಗಂಟು, ಬೇಗ ಬಿಚ್ಚಲಿಲ್ಲ.

"ನಾನ್ರಿ," ಎಂದಿತು ಗೋಡೆ.

"ಏನ ಬೇ? ಚಾ ಬೇಕೇನ?" ಎಂದರು ಗುರಲಿಂಗಪ್ಪನವರು.

"ಕೆಡಿಸಿದ್ದು... ನಾನ್ರಿ."

ಗುರಲಿಂಗಪ್ಪನವರ ಹೊಟ್ಟೆ ನಗುವಿನಿಂದ ಕುಲುಕಿತು, ಅದರ ಹಿಂದೆ ಎಲ್ಲರದೂ.

"ನೀನಾ? ಯವ್ವಾ, ಕೆಡಸಾಕೂ ತಲಿ ಬೇಕ ಬೇ! ಮುತ್ತುನ ಮ್ಯಾಲೆ ಕರುಣಾ ಬಂದೈತಿ ಕೂಸಿಗೆ."

"ತಂಗಿ, ಇದು ಲಿನಕ್ಸ್," ಎಂದ ಉಮರ. "ಇದನ್ನ ಕೆಡಸೂದಂದ್ರ ಹುಡುಗಾಟಿ ಅಲ್ಲ. ನನಗ ಆದ್ರೂ ಒಂದ ತಾಸ ಬೇಕು."

ನೌಕರಿ ಹೋಗುವುದಕ್ಕೆ ಸೈಮಾ ಸಿದ್ಧಳಾಗಿಯೇ ಬಾಯಿ ಬಿಟ್ಟಿದ್ದಳು. ನೌಕರಿ ಕಳೆದುಕೊಳ್ಳುವ ಯೋಗ್ಯತೆಯೂ ನಿನಗಿಲ್ಲ ಎಂದು ಅನ್ನಿಸಿಕೊಳ್ಳುವುದಕ್ಕೆ ಸಿದ್ಧಳಾಗಿರಲಿಲ್ಲ. ಕಿವಿಯಿಂದ ಕೆನ್ನೆಯವರೆಗೆ ಬಿಸಿ ಹರಿಯಿತು. ನೇರ ಹೋಗಿ ಕುರ್ಚಿಯಲ್ಲಿ ಕೂತಳು.

"ತೋರಸ್ತಾಳಂತ ನೋಡ್ರಿ," ಎಂದಳು ಸೌಭಾಗ್ಯ ಬಾಯಿಗೆ ಸೆರಗು ಹಚ್ಚಿ.

"ತೋರಸು, ತೋರಸು," ಎಂದರು ಗುರಲಿಂಗಪ್ಪನವರು ಚಾಳೀಸು ಏರಿಸಿಕೊಂಡು.

ನಿನ್ನೆಯ ಅದೇ ಸಾಲನ್ನು ಸೈಮಾ ಹೊಡೆದಳು. ಪಟ್ಟಿ ಬಂತು. ಕಂಪ್ಯೂಟರು ಕೇಳಿತು.

"ಏನಂತೈತಿ ಅದು?"

"ಮುಂದುವರೀಲೇನು ಅಂತೈತ್ರಿ."

"ಒತ್ತು ಮತ್ತ! ಹೆಂಗ ಕೆಡತೈತಿ ನೋಡೇಬಿಡೂಣು."

"ಯಪ್ಪಾ, ಮೊದಲ ನನ್ನ ಚೀಟಿ..." ಅಮೋಘಿ ಎರಡೂ ಕೈ ಮುಂದೆ ಮಾಡಿ ಓಡಿಬಂದ.

ಸೈಮಾ ಒತ್ತಿದಳು.

ಹಿಟ್ಟು ಸುರಿಯಿತು. ಗುರಲಿಂಗಪ್ಪನವರ ಫೋಟೋ ಮೊದಲು ಮೀಸೆಯಿಂದ, ಆಮೇಲೆ ಸೊಂಟದಿಂದ ಮಾಯವಾಯಿತು. ಪರದೆ ಕಪ್ಪಾಯಿತು. ಮೂಲೆಯಲ್ಲಿ ಸಣ್ಣ ಗೆರೆ ಕಣ್ಣು ಮಿಟುಕಿಸಿತು. ಮುತ್ತು ಕೀಲಿಕೈ ಗೊಂಚಲನ್ನು ಮೆಲ್ಲಗೆ ಮತ್ತೆ ಉಡದಾರಕ್ಕೆ ಕಟ್ಟಿಕೊಂಡ.

"ನಂಬಿದೆ ಬೇ, ನಂಬಿದೆ," ಎಂದರು ಗುರಲಿಂಗಪ್ಪನವರು ಒಣಗಿದ ದನಿಯಲ್ಲಿ. "ಉಮರಭಾಯ್, ಒತ್ರಿ ನಿಮ್ಮ ಎರಡ ಕೀ."

ಉಮರ ಪೆನ್‌ಡ್ರೈವ್‌ಗಳನ್ನು ಅಂಗಿಯೊಳಗೆ ಇಳಿಬಿಟ್ಟ. "ಖರೇ ಹೇಳಬೇಕಂದ್ರ ಸಾವಕಾರ್ರ, ಮಧ್ಯಾಹ್ನದ್ದು ಆ ಲಿಂಬಿಹಣ್ಣಿಂದ ಆದಂಗ ಕಾಣಸ್ತೈತ್ರಿ."

"ಲಿಂಬಿಹಣ್ಣೇನ ಮಾಡತೈತ್ರಿ? ಪೇಟಿದ್ದು, ಹುಳಿ ಸೈತ ಇಲ್ಲ ಅದಕ್ಕ," ಎಂದಳು ಸೌಭಾಗ್ಯ. "ಮುತ್ತುನ ಉಪ್ಪನೀರ ನೋಡ್ರಿ ಅದು."

"ನಾ ಉಪ್ಪ ಮರತಿದ್ನಿ ಅಕ್ಕಾ," ಎಂದ ಮುತ್ತು. "ಬರೇ ನೀರ ಹಾಕಿದ್ದು."

ಗುರಲಿಂಗಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕುರ್ಚಿಯ ಹತ್ತಿರ ನಿಂತರು. "ಹಂಗಾರ ಸರಿ ಮಾಡಿದವರು?"

"ಅದೂ ನಾನ್ರಿ. ನೀವು ಊಟಕ್ಕ ಹೋದಾಗ."

ಈ ಸಲ ಯಾರೂ ನಗಲಿಲ್ಲ. ಹೊರಗೆ ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಗೋಡೆ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಗುರಲಿಂಗಪ್ಪನವರು ಅವಳ ಕುರ್ಚಿಯನ್ನು ಸ್ವತಃ ಮುಂದಕ್ಕೆ ಸರಿಸಿದರು, ಫ್ಯಾನನ್ನು ಅವಳ ಕಡೆ ತಿರುಗಿಸಿದರು, ಉಮರನಿಗೆ ತಂದಿದ್ದ ಚಹಾವನ್ನು ತೆಗೆದು ಅವಳ ಮುಂದಿಟ್ಟರು.

"ಆತು. ಐದರೊಳಗ ಇದನ್ನ ಎಬ್ಬಿಸಿದಿ ಅಂದ್ರ ಬೆಳಿಗ್ಗಿನ ಮಾತ ನಾ ಮರತೆ, ಈ ಕಂಪ್ಯೂಟರಿಗೆ ನೀನ ಯಜಮಾನಿ. ಇಲ್ಲಂದ್ರ ಅಮೋಘಿ ಯಾಪಾರನೂ ಹ್ವಾತು, ನಿನ್ನ ನೌಕರಿನೂ ಹ್ವಾತು. ಮಧ್ಯಾಹ್ನ ಹೆಂಗ ಮಾಡಿದ್ದಿ, ಈಗೂ ಹಂಗ ಮಾಡಿಬಿಡು ನಮ್ಮವ್ವ."

ಐದೂ ಮುಖಗಳು ಅವಳ ಹೆಗಲ ಮೇಲೆ ಬಾಗಿದವು. ಅಮೋಘಿ ಟವೆಲ್ಲಿನಿಂದ ಕೀಬೋರ್ಡಿನ ಧೂಳು ಒರೆಸಿದ. ಸೈಮಾ ಬೆರಳು ಇಟ್ಟಳು. ಆ ಇಪ್ಪತ್ಮೂರು ಸಾಲುಗಳು ತಲೆಯೊಳಗೆ ಸಂತೆಯ ಜನರಂತೆ ಒಂದಕ್ಕೊಂದು ಡಿಕ್ಕಿ ಹೊಡೆದವು. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಕೈ ತಪ್ಪಿದ್ದು? ತಲೆ ಅಲ್ಲಾಡಿಸಿ 'ಹೂಂ' ಅಂದುಬಿಡುವ ಹಳೆಯ ಚಾಳಿ ಕುತ್ತಿಗೆಯವರೆಗೆ ಬಂತು. ಅಲ್ಲಿಂದ ಮುಂದೆ ಬರಲಿಲ್ಲ. ಸೈಮಾ ತಿರುಗಿ, ಗೇಟಿನಾಚೆ ಲಾರಿಯ ಡ್ರೈವರನಿಗೂ ಕೇಳಿಸುವಷ್ಟು ಗಟ್ಟಿ ದನಿಯಲ್ಲಿ ಹೇಳಿದಳು:

"ಹೆಂಗ ಮಾಡಿದ್ನಿ ಅನ್ನೂದು ನನಗೂ ಗೊತ್ತಿಲ್ರಿ!"